ಹಳೆಯ ಗಾಡಿಗೆ ದೊಡ್ಡ ಎಂಜಿನ್ನು

ಕಾಶಿಗೆ ಬರುವ ನಮ್ಮವರು ವಿಶ್ವನಾಥನ ದರ್ಶನ ಮಾಡುತ್ತಾರೆ, ಅನ್ನಪೂರ್ಣೆಗೆ ಕೈಮುಗಿಯುತ್ತಾರೆ, ಕೇದಾರ ಘಾಟಿನಲ್ಲಿ ಮಿಂದು, ಹರಿಶ್ಚಂದ್ರ ಘಾಟಿನ ಮಗ್ಗುಲಲ್ಲೇ ಕರ್ನಾಟಕದ ಹೆಸರಿನದೊಂದು ಘಾಟು ಇರುವುದನ್ನು ಕಂಡು ಹಿಗ್ಗುತ್ತಾರೆ. ಆದರೆ ಊರಿನ ಇನ್ನೊಂದು ಮಗ್ಗುಲಲ್ಲಿ, ಬನಾರಸ್ ನಿಲ್ದಾಣಕ್ಕೆ ಸಮೀಪದಲ್ಲಿ, ದೊಡ್ಡದೊಂದು ರೈಲು ಎಂಜಿನ್ ಕಾರ್ಖಾನೆ ಇದೆಯೆಂದು ವಿಚಾರಿಸಿದವರನ್ನು ನಾವು ಇದುವರೆಗೆ ಕಾಣೆವು. ತೀರ್ಥಕ್ಕೆ ಬಂದವರಿಗೆ ಕಾರ್ಖಾನೆಯೇಕೆ ಎಂದರೆ ಅದೂ ನಿಜವೇ. ಆದರೂ ಹಳೆಯ ಗಾಡಿಯೊಂದನ್ನು ಮನೆಯ ಮುಂದೆ ನಿಲ್ಲಿಸಿಕೊಂಡು, ಇದಕ್ಕೊಂದು ದೊಡ್ಡ ಎಂಜಿನ್ನು ಹಾಕಿಸಿದರೆ ಹೇಗೆ ಎಂದು ಯೋಚಿಸುತ್ತಿರುವ ವಾಚಕರು ನಮ್ಮಲ್ಲಿ ಹಲವರಿರಬೇಕು. ಅಂಥವರಿಗೆ ಈ ಕಾರ್ಖಾನೆಯಿಂದ ಕಲಿಯುವುದು ಬಹಳ ಇದೆ.

ಮೊದಲು ಮನೆಯ ಮುಂದಿನ ಗಾಡಿಯನ್ನೇ ನೋಡೋಣ. ಮಾರುತಿ ಓಮ್ನಿ ವ್ಯಾನನ್ನು ಅರಿಯದ ಸಂಸಾರವಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಹುಟ್ಟಿ, ಮುಂದೆ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೆ ತಯಾರಾದ ಬಂಡಿ ಅದು. ಅಜ್ಜಿ, ಮೊಮ್ಮಕ್ಕಳು, ಹಾಸಿಗೆ, ಉಪ್ಪಿನಕಾಯಿ ಜಾಡಿ ಎಲ್ಲವೂ ಅದರಲ್ಲಿ ಹಿಡಿಸುತ್ತಿತ್ತು. ಅದರ ಎಂಜಿನ್ನು ಕೇವಲ 796 ಸಿ.ಸಿ.; ಮೂರು ಸಿಲಿಂಡರಿನದು; ಇರುವ ಜಾಗವೋ ಮುಂದಿನ ಸೀಟಿನ ಕೆಳಗೆ. ಅಲ್ಲಿಂದ ಉದ್ದನೆಯ ದಂಡವೊಂದು ಹಿಂದಿನ ಗಾಲಿಗಳಿಗೆ ಶಕ್ತಿಯನ್ನು ಒಯ್ಯುತ್ತದೆ.

ಇಂಥ ಬಂಡಿಯಲ್ಲಿ ಇನ್ನೂ ದೊಡ್ಡ ಎಂಜಿನ್ನನ್ನು ಕೂರಿಸಹೊರಟರೆ ಮೊದಲ ಪ್ರಶ್ನೆ ಶಕ್ತಿಯದಲ್ಲ, ಜಾಗದ್ದು. ಮೇಲಕ್ಕೆ ಎತ್ತಿದರೆ ಸೀಟು ಏರುತ್ತದೆ, ಕುಳಿತವರ ತಲೆ ಚಾವಣಿಗೆ ತಾಗುತ್ತದೆ. ಭಾರವೂ ಮೇಲೇರಿ ತಿರುವಿನಲ್ಲಿ ಗಾಡಿ ವಾಲುತ್ತದೆ. ಹಿಂದಕ್ಕೆ ಸರಿಸಿದರೆ ನಡುವಿನ ಸೀಟಿನವರ ಕಾಲಿಗೆ ಎಡೆಯಿಲ್ಲ. ಮುಂದಕ್ಕೆ ತಳ್ಳಿದರೆ ಸ್ಟೀರಿಂಗಿನ ಕೆಲಸಕ್ಕೆ ಅಡ್ಡಿ. ಎಂಜಿನ್ನು ಒಂದಂಗುಲ ಸರಿದರೂ ಹಿಂದಕ್ಕೆ ಹೋಗುವ ದಂಡದ ಓರೆ ಬದಲಾಗುತ್ತದೆ. ಓರೆ ಹೆಚ್ಚಾದರೆ ಅದರ ಕೀಲುಗಳು ನಡುಗಿ, ಬೇಗ ಸವೆದುಹೋಗುತ್ತವೆ. ಇಷ್ಟನ್ನೂ ಸರಿಪಡಿಸಿದಿರೆನ್ನಿ, ಆಗ ಹೆಚ್ಚಿನ ಶಾಖವನ್ನು ಕಳೆಯಲು ದೊಡ್ಡ ರೇಡಿಯೇಟರ್ ಬೇಕು, ಹೆಚ್ಚಿನ ವೇಗವನ್ನು ತಡೆಯಲು ಬಲವಾದ ಬ್ರೇಕು ಬೇಕು. ಒಲೆ ದೊಡ್ಡದಾದ ಮಾತ್ರಕ್ಕೆ ಅಡುಗೆ ಹೆಚ್ಚಾಗದು. ಪಾತ್ರೆ, ಕಟ್ಟಿಗೆ, ಹೊಗೆಗೂಡು ಎಲ್ಲವೂ ಅದಕ್ಕೆ ತಕ್ಕಂತಿರಬೇಕು.

ಅಂಬಾಸಡರ್ ಕಾರಿನ ಕಥೆಯೂ ಇದನ್ನೇ ಹೇಳುತ್ತದೆ. ನಮ್ಮಂಥ ಗುಮಾಸ್ತರಿಗೆ ಆ ಕಾರು ಸಾಹೇಬರ ಬರವನ್ನು ಸಾರುವ ಗಂಟೆಯಂತಿತ್ತು. ಬಹುಕಾಲ 1489 ಸಿ.ಸಿ. ಎಂಜಿನ್ನಿನಿಂದ ಓಡಿದ ಅದಕ್ಕೆ 1990ರ ದಶಕದ ಆರಂಭದಲ್ಲಿ ತಯಾರಕರೇ 1817 ಸಿ.ಸಿ.ಯ ಇಸುಜು ಎಂಜಿನ್ನನ್ನು ಹಾಕಿದರು. ಹೊರಗಿನ ರೂಪ ಹಾಗೆಯೇ ಉಳಿಯಿತು. ಆದರೆ ಸ್ಟೀರಿಂಗಿನ ಪಕ್ಕದಲ್ಲಿದ್ದ ಗೇರು ನೆಲಕ್ಕೆ ಇಳಿಯಿತು. ನಾಲ್ಕು ಗೇರು ಐದಾಯಿತು. ಎಂಜಿನ್ನು ಒಂದೇ ಬರಲಿಲ್ಲ. ಪರಿವಾರ ಸಮೇತ ಬಂದಿತು.

ತಯಾರಕರು ಮಾಡಿದ್ದನ್ನು ಮನೆಯವರೂ ಮಾಡಬಹುದೇ? ಕಾನೂನು ಬೇಡವೆನ್ನುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಗ್ಯಾಸಿನಂಥ ಬೇರೆ ಇಂಧನಕ್ಕೆ ಬದಲಾಯಿಸುವುದಕ್ಕೆ ನಿಯಮಕ್ಕೊಳಪಟ್ಟ ದಾರಿಯುಂಟು. ಆದ್ದರಿಂದ ಮೆಕ್ಯಾನಿಕ್ಕಿನ ಮುಂದೆ ಗಾಡಿ ನಿಲ್ಲಿಸುವ ಮುನ್ನ ಸಾರಿಗೆ ಕಚೇರಿಯ ಮೆಟ್ಟಿಲು ಹತ್ತುವುದು ಲೇಸು. ನೋಂದಣಿ ಪತ್ರದಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತದ ಹೊತ್ತಿನಲ್ಲಿ ವಿಮೆಯ ಹಣಕ್ಕೂ ತೊಡಕು ಬಂದೀತು.

ಮನೆಯವರಿಗೆ ಸಲ್ಲದ ಈ ಸಾಹಸವನ್ನು ನಮ್ಮ ಕಾಶಿಯ ಕಾರ್ಖಾನೆ ನೂರು ಟನ್ನಿಗೂ ಮೀರಿದ ಗಾಡಿಯ ಮೇಲೆ ಮಾಡಿತು. ಆ ಕಾರ್ಖಾನೆ 1961ರಲ್ಲಿ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಎಂಬ ಹೆಸರಿನಿಂದ ಆರಂಭವಾಯಿತು. ಅಮೆರಿಕದ ಆಲ್ಕೋ ಕಂಪೆನಿಯ ವಿದ್ಯೆಯನ್ನು ಪಡೆದು, 1964ರ ಜನವರಿಯಲ್ಲಿ 2600 ಅಶ್ವಶಕ್ತಿಯ ಮೊದಲ ಎಂಜಿನ್ನನ್ನು ಹೊರತಂದಿತು. ಅಂದಿನಿಂದ ನಮ್ಮ ನಾಡಿಗೂ ಅದಕ್ಕೂ ನಂಟು. ಕೃಷ್ಣರಾಜಪುರ ಮತ್ತು ಹುಬ್ಬಳ್ಳಿಯ ಷೆಡ್ಡುಗಳಲ್ಲಿ ಎಷ್ಟೋ ವರ್ಷ ದುಡಿದ ಡೀಸೆಲ್ ಎಂಜಿನ್ನುಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟಿದವು. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯುವ, 37 ಅಡಿಗೆ ಒಂದಡಿಯ ಇಳಿಜಾರಿನ ಘಟ್ಟದಲ್ಲಿ ದೂಧಸಾಗರವನ್ನು ನೋಡುತ್ತ ಕುಳಿತವರನ್ನು ಎಳೆದದ್ದು ಎಷ್ಟೋ ಸಲ ಕಾಶಿಯ ಕಬ್ಬಿಣವೇ.

ಆದರೆ ಕಾಲ ತಿರುಗಿತು. ರೈಲ್ವೆ ಇಲಾಖೆ ಡೀಸೆಲನ್ನು ಬಿಟ್ಟು ವಿದ್ಯುತ್ತಿನ ಕಡೆಗೆ ವಾಲಿತು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಉಳಿದ ಅಗಲ ಹಳಿಯ ಮಾರ್ಗಗಳನ್ನೆಲ್ಲ ವಿದ್ಯುದೀಕರಿಸಲು ಒಪ್ಪಿಗೆ ಕೊಟ್ಟಿತು. ಹೆಸರಿನಲ್ಲೇ ಡೀಸೆಲನ್ನು ಹೊತ್ತ ಕಾರ್ಖಾನೆಯ ಗತಿ ಏನು? ಅದನ್ನೇ ನಂಬಿದ್ದ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆಗಳ ಗತಿ ಏನು? ಅರ್ಧ ಆಯುಷ್ಯ ಇನ್ನೂ ಉಳಿದಿರುವ ಗಟ್ಟಿ ಎಂಜಿನ್ನುಗಳನ್ನು ಗುಜರಿಗೆ ಹಾಕಬೇಕೇ? ಪರಊರಿನಲ್ಲಿ ಒಂದೇ ಸಂಬಳವನ್ನು ನೆಚ್ಚಿ ಬಾಳುವ ನಮ್ಮಂಥವರಿಗೆ ಈ ಪ್ರಶ್ನೆಗಳ ಬಿಸಿ ಚೆನ್ನಾಗಿ ಗೊತ್ತು.

ಕಾರ್ಖಾನೆಯವರು ಇದನ್ನು ಮೊದಲೇ ಮನಗಂಡಿದ್ದರೆಂದು ತೋರುತ್ತದೆ. 2017ರ ಡಿಸೆಂಬರ್ 22ರಂದು ಕೆಲಸ ಹಿಡಿದರು. ಸರಕು ಬಂಡಿ ಎಳೆಯುವ ಡಬ್ಲ್ಯು.ಡಿ.ಜಿ.3ಎ ಜಾತಿಯ ಎರಡು ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ, ಜೋಡಿ ವಿದ್ಯುತ್ ಎಂಜಿನ್ನಾಗಿ ಮಾರ್ಪಡಿಸಿ, 2018ರ ಫೆಬ್ರವರಿ 28ರಂದು ಕಳುಹಿಸಿಕೊಟ್ಟರು. ಯೋಚನೆಯಿಂದ ಮುಗಿಯುವವರೆಗೆ 69 ದಿವಸ! ರೈಲ್ವೆಯ ಲೆಕ್ಕದಲ್ಲಿ ಒಂದೊಂದರ ಶಕ್ತಿ 2600ರಿಂದ 5000 ಅಶ್ವಶಕ್ತಿಗೆ ಏರಿತು; ಜೋಡಿಯದು 10,000. 2019ರ ಫೆಬ್ರವರಿ 19ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ವಾರಾಣಸಿಯಲ್ಲೇ ಅದಕ್ಕೆ ಹಸಿರು ನಿಶಾನೆ ತೋರಿಸಿದರು.

ಯಾತ್ರೆಗೆಂದು ಬಂದು ನಮ್ಮಲ್ಲಿ ಇಳಿದುಕೊಂಡಿದ್ದ ಸೋದರತ್ತೆಯವರಿಗೆ ಈ ವಿಷಯವನ್ನು ಬಣ್ಣಿಸಿದೆವು. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಅಲ್ಲವೋ, ಎಂಜಿನ್ನನ್ನೇ ಕಿತ್ತುಹಾಕಿದ ಮೇಲೆ ಗಾಡಿ ಓಡುವುದು ಹೇಗೋ?" ಎಂದರು.

"ಅತ್ತೆ, ಮದುವೆ ಛತ್ರದಲ್ಲಿ ಕರೆಂಟು ಹೋದಾಗ ಹಿತ್ತಲಿನಲ್ಲಿ ಡೀಸೆಲ್ ಜನರೇಟರ್ ಗುಡುಗುಡು ಅನ್ನುತ್ತದಲ್ಲ, ಕಂಬದಿಂದ ಕರೆಂಟು ಬಂದ ಮೇಲೆ ಅದೇಕೆ?"

"ಬೇಡ. ಫ್ಯಾನು ತಾನಾಗಿ ತಿರುಗುತ್ತದೆ."

"ಇಲ್ಲಿಯೂ ಅಷ್ಟೇ."

ನಿಜವಾಗಿ ಇದರ ಗುಟ್ಟು ಇಷ್ಟೆ. ನಮ್ಮ ದೊಡ್ಡ ಡೀಸೆಲ್ ರೈಲು ಎಂಜಿನ್ನುಗಳಲ್ಲಿ ಡೀಸೆಲ್ ಯಂತ್ರ ಗಾಲಿಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತು ಆರು ಅಚ್ಚುಗಳ ಮೋಟಾರುಗಳನ್ನು ತಿರುಗಿಸುತ್ತದೆ. ಅಂದರೆ ಗಾಡಿಯ ಕಾಲು ಮೊದಲಿನಿಂದಲೂ ವಿದ್ಯುತ್ತಿನದೇ. ಹೊಟ್ಟೆ ಮಾತ್ರ ಡೀಸೆಲಿನದು. ಹೊಟ್ಟೆಯನ್ನು ತೆಗೆದು, ನೆತ್ತಿಯ ಮೇಲೆ ತಂತಿ ಮುಟ್ಟುವ ಚೌಕಟ್ಟನ್ನು ನಿಲ್ಲಿಸಿ, 25,000 ವೋಲ್ಟಿನ ವಿದ್ಯುತ್ತನ್ನು ಇಳಿಸಿ ಪಳಗಿಸುವ ಟ್ರಾನ್ಸ್‌ಫಾರ್ಮರ್ ಮೊದಲಾದ ಸಾಮಗ್ರಿಯನ್ನು ಒಳಗೆ ಜೋಡಿಸಿದರೆ ಗಾಡಿ ಓಡಬೇಕು. ತಾನು ಹೊತ್ತು ತಿರುಗುವ ಯಂತ್ರದ ಗಾತ್ರ ಇನ್ನು ಅದರ ಶಕ್ತಿಗೆ ಮಿತಿಯಲ್ಲ.

ಹೇಳುವಾಗ ಸುಲಭ. ಇಲ್ಲಿಯೂ ಓಮ್ನಿಯ ಪ್ರಶ್ನೆಯೇ ಎದುರಾಗುತ್ತದೆ: ಯಾವುದನ್ನು ಎಲ್ಲಿ ಕೂರಿಸಬೇಕು? ರೈಲಿಗೆ ಭಾರವೆಂಬುದು ಶತ್ರುವಲ್ಲ, ಸ್ನೇಹಿತ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಹಿಡಿಯುವುದು ಭಾರದಿಂದಲೇ. ಹಲವು ಟನ್ ತೂಕದ ಡೀಸೆಲ್ ಯಂತ್ರವನ್ನು ತೆಗೆದಾಗ ಒಂದು ಕಡೆ ಹಗುರವಾದರೆ ಅಲ್ಲಿಯ ಗಾಲಿಗಳು ಸುಮ್ಮನೆ ಜಾರಿ ಸುತ್ತುತ್ತವೆ. ಇನ್ನೊಂದು ಕಡೆ ಹೆಚ್ಚಾದರೆ ಅಚ್ಚಿಗೂ ಹಳಿಗೂ ಪೆಟ್ಟು. ಆದ್ದರಿಂದ ಆರು ಅಚ್ಚುಗಳಿಗೂ ಸರಿಸಮವಾಗಿ ಭಾರ ಹಂಚಿಹೋಗುವಂತೆ ಹೊಸ ಸಾಮಗ್ರಿಯನ್ನು ಇರಿಸಬೇಕಾಗುತ್ತದೆ. ತಕ್ಕಡಿಯ ವ್ಯಾಪಾರ ಇದು. ಬಲಕ್ಕಿಂತ ಸಮತೋಲವೇ ಮುಖ್ಯ.

ಖರ್ಚಿನ ಮಾತೂ ಇದೆ. ಡೀಸೆಲ್ ಎಂಜಿನ್ನಿಗೆ ನಡುವಯಸ್ಸಿನಲ್ಲಿ ಮಾಡಬೇಕಾದ ದೊಡ್ಡ ದುರಸ್ತಿಗೆ ಸುಮಾರು 5ರಿಂದ 6 ಕೋಟಿ ರೂಪಾಯಿ ತಗಲುವುದೆಂದೂ, ಈ ಮಾರ್ಪಾಟಿಗೆ ಅದರಲ್ಲಿ ಅರ್ಧದಷ್ಟೇ ಸಾಕಾಯಿತೆಂದೂ ರೈಲ್ವೆಯವರು ತಿಳಿಸಿದರು. ಆದರೆ ಈ ಮಾರ್ಪಾಟು ವಾಡಿಕೆಯಾಗಿ ಬೆಳೆಯಲಿಲ್ಲ. ಹಳೆಯದನ್ನು ತಿದ್ದುವುದಕ್ಕಿಂತ ಹೊಸ ವಿದ್ಯುತ್ ಎಂಜಿನ್ನುಗಳನ್ನೇ ಕಟ್ಟುವುದು ಮುಖ್ಯ ಕೆಲಸವಾಯಿತು. ಹಾಗಾದರೆ ಆ 69 ದಿವಸಗಳ ದುಡಿಮೆ ವ್ಯರ್ಥವೇ? ನಮಗೆ ಹಾಗೆ ತೋರುವುದಿಲ್ಲ. ಡೀಸೆಲ್ ಯಂತ್ರದ ಮುಂದೆ ಬಾಳೆಲ್ಲ ಕಳೆದ ಕೈಗಳಿಗೆ ವಿದ್ಯುತ್ತಿನ ಕೆಲಸವೂ ಒಗ್ಗುತ್ತದೆಂಬುದು ಆ ದಿನಗಳಲ್ಲಿ ಎಲ್ಲರ ಕಣ್ಣೆದುರಿಗೇ ರುಜುವಾತಾಯಿತು.

2020ರಲ್ಲಿ ಕಾರ್ಖಾನೆ ತನ್ನ ಹೆಸರಿನಿಂದ ಡೀಸೆಲನ್ನು ಬಿಟ್ಟು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯಿತು. ಸರಕಿಗೆ ಡಬ್ಲ್ಯು.ಎ.ಜಿ.9, ಪ್ರಯಾಣಿಕರಿಗೆ ಡಬ್ಲ್ಯು.ಎ.ಪಿ.7 ಎಂಬ ವಿದ್ಯುತ್ ಎಂಜಿನ್ನುಗಳು ಅಲ್ಲಿಂದ ಬರುತ್ತಿವೆ. ಮೊಜಾಂಬಿಕ್‌ನಂಥ ದೇಶಗಳಿಗೆ ಡೀಸೆಲ್ ಎಂಜಿನ್ನುಗಳೂ ಹೋಗಿವೆ. ಹಳೆಯ ವಿದ್ಯೆಯನ್ನು ಎಸೆಯಲಿಲ್ಲ. ಅದಕ್ಕೆ ತಕ್ಕ ಜಾಗವನ್ನು ಹುಡುಕಿಕೊಟ್ಟರು. ಹೊಸದನ್ನು ಹಾಗೆಯೇ ತಂದು ತುರುಕಲಿಲ್ಲ. ಅದಕ್ಕೂ ನೆಲೆ ಮಾಡಿಕೊಟ್ಟರು.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿಯೂ ಹೊಸ ಭಾಷೆ, ಹೊಸ ಊಟ, ಮಕ್ಕಳ ಹೊಸ ಓದು ಎಂಬ ದೊಡ್ಡ ದೊಡ್ಡ ಎಂಜಿನ್ನುಗಳು ಬಂದು ಕೂರುತ್ತಲೇ ಇವೆ. ಚೌಕಟ್ಟು ಗಟ್ಟಿಯಾಗಿದ್ದು, ಭಾರ ಒಂದೇ ಕಡೆಗೆ ಬೀಳದಂತೆ ನೋಡಿಕೊಂಡರೆ ಗಾಡಿ ಘಟ್ಟವನ್ನು ಹತ್ತೀತು.