ಹೊರಗಿನ ಬಂಡವಾಳವಿಲ್ಲದೆ ಬೆಳೆದ ಉದ್ಯಮ: ಜೆ.ಪಿ. ನಗರದ ಒಂದು ನಿದರ್ಶನ, ಶೆಂಜೆನ್‌ನ ಇನ್ನೊಂದು

ಚೀನಾದ ಹುವಾವೇ ಸಂಸ್ಥೆಯ ಸ್ಥಾಪಕ ರೆನ್ ಝೆಂಗ್‌ಫೆ ಅವರ ಆಡಳಿತ ಕ್ರಮವನ್ನು ಕುರಿತು ವ್ಯವಸ್ಥಾಪನಾ ಶಾಸ್ತ್ರದ ವಿದ್ಯಾರ್ಥಿಗಳು ಸಾಕಷ್ಟು ಚರ್ಚಿಸಿದ್ದಾರೆ. ಸೇನೆಯ ಇಂಜಿನಿಯರಿಂಗ್ ವಿಭಾಗದಿಂದ ಹೊರಬಂದ ಅವರು 1987ರಲ್ಲಿ ಶೆಂಜೆನ್ ನಗರದಲ್ಲಿ 21,000 ಯುವಾನ್ ಬಂಡವಾಳದೊಡನೆ, ಹಾಂಗ್‌ಕಾಂಗ್‌ನಿಂದ ದೂರವಾಣಿ ಸ್ವಿಚ್‌ಗಳನ್ನು ತರಿಸಿ ಮಾರುವ ವರ್ತಕರಾಗಿಯೇ ವ್ಯವಹಾರ ಆರಂಭಿಸಿದರು. ಆ ಸಂಸ್ಥೆ ಇಂದಿಗೂ ಷೇರುಪೇಟೆಯಲ್ಲಿ ನೋಂದಣಿಯಾಗಿಲ್ಲ. ಅದರ ಷೇರುಗಳು ನೌಕರರ ಒಕ್ಕೂಟದ ಮೂಲಕ ನೌಕರರಲ್ಲಿಯೇ ಹಂಚಿಕೆಯಾಗಿದ್ದು, ಸ್ಥಾಪಕರ ಪಾಲು ಶೇಕಡಾ ಒಂದರ ಆಸುಪಾಸಿನಲ್ಲಿದೆ. 1999ರಲ್ಲಿ ಅದು ತನ್ನ ಸಂಶೋಧನಾ ಕೇಂದ್ರವೊಂದನ್ನು ನಮ್ಮ ಬೆಂಗಳೂರಿನಲ್ಲಿ ತೆರೆಯಿತೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿರಬಹುದು.

ಆದರೆ ಹೊರಗಿನವರ ಹಣಕ್ಕೆ ಕೈಯೊಡ್ಡದೆ ತಂತ್ರಜ್ಞಾನದ ಬಲದಿಂದ ಬೆಳೆದ ಉದ್ಯಮವನ್ನು ನೋಡಲು ಶೆಂಜೆನ್‌ವರೆಗೆ ಹೋಗಬೇಕಾಗಿಲ್ಲ. ಜೆ.ಪಿ. ನಗರ ನಾಲ್ಕನೆಯ ಹಂತದಲ್ಲಿ ಕಚೇರಿ ಹೊಂದಿರುವ ಝೆರೋಧಾ ಷೇರು ದಲ್ಲಾಳಿ ಸಂಸ್ಥೆಯೇ ಸಾಕು. ಶಿವಮೊಗ್ಗದಲ್ಲಿ 1979ರಲ್ಲಿ ಜನಿಸಿದ ನಿತಿನ್ ಕಾಮತ್ ಅವರು ತಮ್ಮ ಸಹೋದರ ನಿಖಿಲ್ ಅವರೊಡನೆ 2010ರ ಆಗಸ್ಟ್ 15ರಂದು ಇದನ್ನು ಆರಂಭಿಸಿದರು. ನಿತಿನ್ ಅವರ ತಂದೆ ಕೆನರಾ ಬ್ಯಾಂಕಿನ ನೌಕರರು. ರಾತ್ರಿ ಪಾಳಿಯ ಕಾಲ್ ಸೆಂಟರ್ ಉದ್ಯೋಗ, ಹಗಲಿನಲ್ಲಿ ಷೇರು ವ್ಯವಹಾರ, ಅನಂತರ ದೊಡ್ಡ ಸಂಸ್ಥೆಯೊಂದರ ಉಪದಲ್ಲಾಳಿತನ, ಹೀಗೆ ಹತ್ತು ವರ್ಷಕ್ಕೂ ಮೀರಿದ ಅನುಭವ ಅವರ ಬೆನ್ನಿಗಿತ್ತು. ‘ಝೀರೋ’ ಮತ್ತು ತಡೆ ಎಂಬ ಅರ್ಥದ ‘ರೋಧ’ ಪದಗಳನ್ನು ಕೂಡಿಸಿ ಇಟ್ಟ ಹೆಸರು ಅದು.

ದರ ನಿಗದಿಯ ಲೆಕ್ಕಾಚಾರ

ಆ ಕಾಲದಲ್ಲಿ ಸಾಂಪ್ರದಾಯಿಕ ದಲ್ಲಾಳಿ ಸಂಸ್ಥೆಗಳು ವ್ಯವಹಾರದ ಮೊತ್ತದ ಮೇಲೆ ಶೇಕಡಾವಾರು ದಲ್ಲಾಳಿ ಪಡೆಯುತ್ತಿದ್ದವು. ಶೇ. 0.3ರಂತೆ ಲೆಕ್ಕ ಹಿಡಿದರೆ 10 ಲಕ್ಷ ರೂಪಾಯಿಯ ಖರೀದಿಗೆ 3,000 ರೂಪಾಯಿ ದಲ್ಲಾಳಿಯಾಗುತ್ತದೆ. ಆದರೆ ಗಣಕಯಂತ್ರದ ಮೂಲಕ ಆದೇಶ ಸಾಗಿಸುವಾಗ 10 ಸಾವಿರದ ಆದೇಶಕ್ಕೂ 10 ಲಕ್ಷದ ಆದೇಶಕ್ಕೂ ಸಂಸ್ಥೆಗೆ ತಗಲುವ ವೆಚ್ಚದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರುವುದಿಲ್ಲ. ಈ ಸರಳ ಸಂಗತಿಯನ್ನು ಹಿಡಿದು ಕಾಮತ್ ಅವರು ಪ್ರತಿ ಆದೇಶಕ್ಕೆ ಹೆಚ್ಚೆಂದರೆ 20 ರೂಪಾಯಿ ಎಂದು ದರ ಗೊತ್ತುಮಾಡಿದರು. 2015ರ ಡಿಸೆಂಬರ್‌ನಲ್ಲಿ, ಷೇರುಗಳನ್ನು ಕೊಂಡು ಇಟ್ಟುಕೊಳ್ಳುವ ಗ್ರಾಹಕರಿಗೆ ದಲ್ಲಾಳಿಯನ್ನೇ ರದ್ದುಪಡಿಸಿದರು.

ಇದನ್ನು ಕೇವಲ ಅಗ್ಗದ ಮಾರಾಟವೆಂದು ಭಾವಿಸಬಾರದು. ನಷ್ಟ ಮಾಡಿಕೊಂಡು ಗ್ರಾಹಕರನ್ನು ಸೆಳೆಯುವ ಪದ್ಧತಿಗೂ, ತನ್ನ ನಿಜವಾದ ವೆಚ್ಚ ಎಷ್ಟೆಂದು ತಿಳಿದು ಅದಕ್ಕೆ ತಕ್ಕಂತೆ ದರ ಇಳಿಸುವ ಪದ್ಧತಿಗೂ ಅಜಗಜಾಂತರವಿದೆ. ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿ ಜಾಬ್ ವರ್ಕ್ ಮಾಡುವ ಘಟಕದ ಮಾಲೀಕರು ಯಂತ್ರ ಹೊಂದಿಸುವ ವೆಚ್ಚ ಎಷ್ಟು, ಪ್ರತಿ ಬಿಡಿಭಾಗದ ವೆಚ್ಚ ಎಷ್ಟು ಎಂದು ಬೇರೆಬೇರೆಯಾಗಿ ಬರೆದಿಡುವರೆ? ಬಹಳ ಕಡೆ ಪಕ್ಕದ ಷೆಡ್ಡಿನವರು ಹೇಳಿದ ದರಕ್ಕಿಂತ ಒಂದು ರೂಪಾಯಿ ಕಡಿಮೆ ಎಂಬುದೇ ದರಪಟ್ಟಿಯಾಗಿರುತ್ತದೆ.

ಜಾಹೀರಾತಿಗೂ ಈ ಸಂಸ್ಥೆ ಹಣ ಸುರಿಯಲಿಲ್ಲ. 2013ರಲ್ಲಿ ಕೈಲಾಶ್ ನಾಧ್ ಅವರು ತಂತ್ರಜ್ಞಾನದ ಹೊಣೆ ವಹಿಸಿಕೊಂಡ ಮೇಲೆ ಸುಮಾರು ಮೂವತ್ತು ಜನರ ಪುಟ್ಟ ತಂಡವು, ಬಹುಮಟ್ಟಿಗೆ ಮುಕ್ತ ತಂತ್ರಾಂಶಗಳನ್ನೇ ಆಧರಿಸಿ, ವ್ಯವಹಾರಕ್ಕೆ ಬೇಕಾದ ತಂತ್ರಾಂಶವನ್ನು ಸ್ವತಃ ರೂಪಿಸಿತು. 2015ರಲ್ಲಿ ‘ಕೈಟ್’ ಬಂದಿತು. ಷೇರುಪೇಟೆಯ ಪಾಠಗಳನ್ನು ‘ವಾರ್ಸಿಟಿ’ ಎಂಬ ಹೆಸರಿನಲ್ಲಿ ಉಚಿತವಾಗಿ ಒದಗಿಸಲಾಯಿತು. 2019ರ ವೇಳೆಗೆ ಸಕ್ರಿಯ ಗ್ರಾಹಕರ ಸಂಖ್ಯೆಯಲ್ಲಿ ಇದು ದೇಶದ ಅತಿದೊಡ್ಡ ದಲ್ಲಾಳಿ ಸಂಸ್ಥೆಯಾಗಿತ್ತು. 2023ರಲ್ಲಿ ಬೆಂಗಳೂರಿನದೇ ಆದ ಗ್ರೋ ಸಂಸ್ಥೆ ಆ ಸ್ಥಾನವನ್ನು ಪಡೆಯಿತು. ಗ್ರೋ ಹೊರಗಿನ ಬಂಡವಾಳದಿಂದ ಬೆಳೆದದ್ದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಸ್ವಂತ ಹಣದ ದಾರಿಯೊಂದೇ ದಾರಿಯಲ್ಲ.

ನಮಗೆ ಅನ್ವಯಿಸದ ಒಂದು ಅಂಶ

ಸ್ವಂತ ಗಳಿಕೆಯಿಂದಲೇ ಬೆಳೆಯಿರಿ ಎಂದು ಉಪದೇಶಿಸುವವರು ಒಂದು ವ್ಯತ್ಯಾಸವನ್ನು ಗಮನಿಸುವುದಿಲ್ಲ. ಷೇರು ದಲ್ಲಾಳಿಗೆ ಬರಬೇಕಾದ ಹಣ ವ್ಯವಹಾರ ನಡೆದ ದಿನವೇ ಗ್ರಾಹಕರ ಖಾತೆಯಿಂದ ಕಡಿತವಾಗುತ್ತದೆ. ಅವರಿಗೆ ಉದ್ದರಿ ಎಂಬ ಪೀಡೆಯೇ ಇಲ್ಲ. ನಮ್ಮ ಸಣ್ಣ ತಯಾರಕರಾದರೋ ಉಕ್ಕಿಗೆ ಮುಂಗಡ ಹಣ ತೆತ್ತು, ಮಾಲು ಒಪ್ಪಿಸಿ, 90 ಅಥವಾ 120 ದಿನ ಕಾಯುವವರು. ಅಂತಹವರು ಸಾಲವನ್ನಾಗಲಿ ಪಾಲುದಾರರನ್ನಾಗಲಿ ಬೇಡವೆನ್ನುವುದು ಹಠವಾದೀತೇ ಹೊರತು ನೀತಿಯಾಗದು. ಅವರು ಮೊದಲು ಗಮನ ಕೊಡಬೇಕಾದದ್ದು ಬಾಕಿ ವಸೂಲಿಗೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಬಾಕಿಯನ್ನು, ಒಪ್ಪಂದ ಏನೇ ಇರಲಿ, 45 ದಿನಗಳೊಳಗೆ ತೀರಿಸಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಗ್ರಾಹಕರು ಮುನಿದಾರೆಂಬ ಭಯದಿಂದ ಈ ಹಕ್ಕನ್ನು ಚಲಾಯಿಸಲು ಹಿಂಜರಿಯುವವರಿಗೆ, ಬಿಲ್ಲುಗಳನ್ನು ಬ್ಯಾಂಕುಗಳಿಗೆ ವಟ್ಟಕ್ಕೆ ಕೊಟ್ಟು ಹಣ ಪಡೆಯುವ ಟ್ರೆಡ್ಸ್ ವ್ಯವಸ್ಥೆ ಇದೆ. ವಾರ್ಷಿಕ 250 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪೆನಿಗಳು ಇದರಲ್ಲಿ ನೋಂದಾಯಿಸಿಕೊಳ್ಳುವುದನ್ನು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಕಡ್ಡಾಯಗೊಳಿಸಿತು.

ಒಂದೇ ಕಂಬದ ಮೇಲಿನ ಮನೆ

2023-24ರಲ್ಲಿ ಝೆರೋಧಾ ಸುಮಾರು 4,700 ಕೋಟಿ ರೂಪಾಯಿ ಲಾಭ ಗಳಿಸಿತು. ಆದರೆ ಆದಾಯದ ಬಹುಪಾಲು ಬರುತ್ತಿದ್ದುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದಾ ವ್ಯವಹಾರದಿಂದ. ಈ ವಿಭಾಗದಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವೈಯಕ್ತಿಕ ಹೂಡಿಕೆದಾರರ ಪೈಕಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರೆಂದೂ, ನಷ್ಟದ ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಮರುತಿಂಗಳೇ ಕರಾರುಗಳ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸುವ, ವಾರದ ಕರಾರುಗಳನ್ನು ವಿನಿಮಯ ಕೇಂದ್ರಕ್ಕೊಂದರಂತೆ ಮಿತಗೊಳಿಸುವ ನಿಯಮಗಳು ಹೊರಬಿದ್ದವು. ವಿನಿಮಯ ಕೇಂದ್ರಗಳಿಂದ ದಲ್ಲಾಳಿಗಳಿಗೆ ಬರುತ್ತಿದ್ದ ರಿಯಾಯಿತಿಯೂ 2024ರ ಅಕ್ಟೋಬರ್ 1ರಿಂದ ನಿಂತಿತು. ಸಂಸ್ಥೆಯ 2024-25ರ ಲಾಭ ಹಿಂದಿನ ವರ್ಷಕ್ಕಿಂತ ಇಳಿಯಿತು.

ಗ್ರಾಹಕರನ್ನು ಎಚ್ಚರಿಸುವ ‘ನಡ್ಜ್’, ವ್ಯವಹಾರವನ್ನು ತಾವೇ ತಡೆದುಕೊಳ್ಳುವ ‘ಕಿಲ್ ಸ್ವಿಚ್’ ಮುಂತಾದ ಸೌಲಭ್ಯಗಳನ್ನು ಸಂಸ್ಥೆ ಕಲ್ಪಿಸಿದ್ದು ಶ್ಲಾಘನೀಯ. ಆದರೂ ಬಹುಪಾಲು ಗ್ರಾಹಕರು ಕಳೆದುಕೊಳ್ಳುವ ವ್ಯವಹಾರದಿಂದ ಬರುವ ಆದಾಯವನ್ನು ಸರ್ಕಾರವಾಗಲಿ ನಿಯಂತ್ರಕರಾಗಲಿ ಬಹುಕಾಲ ಹಾಗೆಯೇ ಬಿಡುವುದಿಲ್ಲವೆಂಬುದು ಊಹೆಗೆ ಮೀರಿದ್ದೇನಲ್ಲ. ಕಾಮತ್ ಅವರೇ ಈ ಅಪಾಯವನ್ನು ಬಹಿರಂಗವಾಗಿ ಹೇಳುತ್ತ ಬಂದವರು. ಲಾಭವನ್ನು ಉಳಿಸಿಟ್ಟುಕೊಂಡಿದ್ದರಿಂದ, ಹೊರಗಿನ ಹೂಡಿಕೆದಾರರ ಒತ್ತಡವೂ ಇಲ್ಲದ್ದರಿಂದ ಸಂಸ್ಥೆ ಈ ಪೆಟ್ಟನ್ನು ತಾಳಿಕೊಂಡಿತು.

ರೆನ್ ಅವರ ಸಂಸ್ಥೆಗೆ ಬಿದ್ದ ಪೆಟ್ಟು ಇದಕ್ಕಿಂತ ಬಲವಾದುದು. 2019ರ ಮೇ ತಿಂಗಳಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ಹೇರಿತು. ಚಿಪ್ಪುಗಳ ಸರಬರಾಜು ಕಡಿದುಹೋಯಿತು. 2020ರ ನವೆಂಬರ್‌ನಲ್ಲಿ ‘ಆನರ್’ ಫೋನ್ ವಿಭಾಗವನ್ನೇ ಮಾರಬೇಕಾಯಿತು. 2020ರಲ್ಲಿ ಸುಮಾರು 89,100 ಕೋಟಿ ಯುವಾನ್ ಇದ್ದ ವಹಿವಾಟು 2021ರಲ್ಲಿ 63,700 ಕೋಟಿಗೆ ಕುಸಿಯಿತು. ಅಂತಹ ವರ್ಷದಲ್ಲಿಯೂ ಆದಾಯದ ಶೇ. 22ಕ್ಕೂ ಹೆಚ್ಚು ಮೊತ್ತವನ್ನು ಸಂಶೋಧನೆಗೆ ವಿನಿಯೋಗಿಸಲಾಯಿತು. 2024ರಲ್ಲಿ ವಹಿವಾಟು ಮತ್ತೆ ಸುಮಾರು 86,200 ಕೋಟಿ ಯುವಾನ್ ಮುಟ್ಟಿತು. ಒಂದು ಕಾಲದಲ್ಲಿ ಎಚ್.ಎಂ.ಟಿ., ಐ.ಟಿ.ಐ.ಗಳ ಆದೇಶಗಳನ್ನೇ ನಂಬಿ ಬದುಕಿದ್ದ ಬೆಂಗಳೂರಿನ ಪೂರಕ ಘಟಕಗಳ ಹಿರಿಯರಿಗೆ ಈ ಕಥೆಯ ಮೊದಲ ಅರ್ಧವನ್ನು ವಿವರಿಸಿ ಹೇಳಬೇಕಾಗಿಲ್ಲ. ತಮ್ಮ ಮಾರಾಟದಲ್ಲಿ ಒಬ್ಬನೇ ಗ್ರಾಹಕನ ಪಾಲು ಅರ್ಧಕ್ಕಿಂತ ಹೆಚ್ಚಿರುವ ಸದಸ್ಯರು ಆ ಅಂಕಿಯನ್ನು ಪ್ರತಿ ತಿಂಗಳೂ ಲೆಕ್ಕಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವುದು ಒಳಿತು.

ಯಜಮಾನನ ನಂತರ

ಹುವಾವೇಯ ದುಡಿಮೆಯ ರೀತಿ, ಮೇಜಿನ ಕೆಳಗೆ ಹಾಸಿಗೆ ಇಟ್ಟುಕೊಂಡು ಹಗಲಿರುಳು ಕೆಲಸ ಮಾಡುವ ಅದರ ಹೆಮ್ಮೆ, ಅನುಕರಣೀಯವೆಂದು ಈ ಲೇಖಕನಿಗೆ ತೋರುವುದಿಲ್ಲ. ಆದರೆ ಅಧ್ಯಕ್ಷ ಪದವಿಯನ್ನು ಸರದಿಯಂತೆ ಹಲವರಿಗೆ ಹಂಚುವ ಅಲ್ಲಿನ ಕ್ರಮ ವಿಚಾರಯೋಗ್ಯವಾದುದು. 2024ರ ಆರಂಭದಲ್ಲಿ ತಮಗೆ ಲಘು ಪಾರ್ಶ್ವವಾಯು ತಗಲಿದ್ದ ಸಂಗತಿಯನ್ನು ನಲವತ್ತರ ಪ್ರಾಯದ ನಿತಿನ್ ಕಾಮತ್ ಅವರೇ ಸಾರ್ವಜನಿಕವಾಗಿ ತಿಳಿಸಿದರು. ಅವರ ಸಂಸ್ಥೆಯ ದೈನಂದಿನ ವ್ಯವಹಾರ ಎಂದಿನಂತೆ ಸಾಗಿತು. ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿಯಲ್ಲಾಗಲಿ ಬನಶಂಕರಿಯ ವರ್ಕ್‌ಶಾಪಿನಲ್ಲಾಗಲಿ ಯಜಮಾನರು ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದರೆ ಚೆಕ್ಕಿಗೆ ಸಹಿ ಹಾಕುವವರು ಯಾರು, ಜಿ.ಎಸ್.ಟಿ. ಖಾತೆಯ ಗುಪ್ತಪದ ಯಾರಲ್ಲಿದೆ, ಬಾಕಿದಾರರ ಪಟ್ಟಿ ಪುಸ್ತಕದಲ್ಲಿದೆಯೋ ಯಜಮಾನರ ನೆನಪಿನಲ್ಲಿದೆಯೋ? ಪಾಲುದಾರಿಕೆ ಸಂಸ್ಥೆಗಳವರು ಇನ್ನೊಂದನ್ನೂ ನೋಡಿಕೊಳ್ಳಬೇಕು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 42ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಏರ್ಪಾಡು ಇಲ್ಲದಿದ್ದಲ್ಲಿ, ಪಾಲುದಾರರೊಬ್ಬರು ತೀರಿಕೊಂಡ ಕ್ಷಣವೇ ಸಂಸ್ಥೆಯೂ ವಿಸರ್ಜನೆಯಾಗುತ್ತದೆ. ಹಳೆಯ ಪಾಲುದಾರಿಕೆ ಪತ್ರಗಳಲ್ಲಿ ಆ ಏರ್ಪಾಡಿನ ಒಂದು ಸಾಲು ಇದೆಯೇ ಎಂಬುದನ್ನು ಲೆಕ್ಕಪರಿಶೋಧಕರಿಗೆ ತೋರಿಸಿ ಖಚಿತಪಡಿಸಿಕೊಳ್ಳಬಹುದು. ಇಲ್ಲವಾದರೆ ಪೂರಕ ಪತ್ರವೊಂದನ್ನು ಬರೆಸಿ ಸೇರಿಸಲು ಅವಕಾಶವಿದೆ.