ಮಸಿಯಲ್ಲಿ ಉಳಿದ ಕಲ್ಲಿನ ಮಾತು

ಕೇಂದ್ರದ ಸಂಸ್ಕೃತಿ ಸಚಿವಾಲಯ ಸುದ್ದಿಗೆ ಬರುವುದು ಹೆಚ್ಚಾಗಿ ಪ್ರಶಸ್ತಿ, ಉತ್ಸವ, ಶತಮಾನೋತ್ಸವಗಳ ನೆಪದಲ್ಲಿ. 1953ರ ಸಂಗೀತ ನಾಟಕ ಅಕಾಡೆಮಿ, ಮರುವರ್ಷದ ಸಾಹಿತ್ಯ ಮತ್ತು ಲಲಿತಕಲಾ ಅಕಾಡೆಮಿಗಳು ಇದರ ಆಶ್ರಯದಲ್ಲಿವೆ. ಅವಕ್ಕಿಂತ ಎಷ್ಟೋ ಹಳೆಯದಾದ, 1861ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಕೈಯಲ್ಲಿ ಶುರುವಾದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಇದರದೇ. ಆದರೆ ಈ ಸಚಿವಾಲಯ ನಿಜಕ್ಕೂ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ತೋರಿಸಬೇಕಾದದ್ದು ದೆಹಲಿಯ ವೇದಿಕೆಗಳನ್ನಲ್ಲ, ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಯ ಶಾಸನಶಾಸ್ತ್ರ ಶಾಖೆಯನ್ನು. ಬ್ರಿಟಿಷರ ಕಾಲದಲ್ಲಿ, 1880ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 1903ರಲ್ಲಿ ಉದಕಮಂಡಲಕ್ಕೆ ಹೋಗಿ, 1966ರಲ್ಲಿ ಮೈಸೂರಿಗೆ ಬಂದು ನೆಲೆಸಿದ ಶಾಖೆಯಿದು. ಶಾಖೆಯ ಮೊದಲ ಶಾಸನತಜ್ಞ ಜರ್ಮನಿಯ ಹುಲ್ಷ್. ಅಂದಿನಿಂದ ಇದು ಪ್ರತಿ ಮಾಡಿಕೊಂಡ ಶಾಸನಗಳು 70 ಸಾವಿರಕ್ಕೂ ಹೆಚ್ಚು.

ಪ್ರತಿ ಎಂದರೆ ಇಲ್ಲಿ ಪಡಿಯಚ್ಚು. ಶಾಸನದ ಕಲ್ಲನ್ನು ನೀರು ಹಾಕಿ, ಬ್ರಷ್ಷಿನಿಂದ ಉಜ್ಜಿ, ಅಕ್ಷರಗಳ ಸಂದಿಯಲ್ಲಿ ಕೂತ ಮಣ್ಣು, ಪಾಚಿ, ಹಳೆಯ ಸುಣ್ಣವನ್ನೆಲ್ಲ ಬಿಡಿಸಬೇಕು. ಒದ್ದೆ ಮಾಡಿದ ಕಾಗದವನ್ನು ಸುಕ್ಕಿಲ್ಲದಂತೆ ಕಲ್ಲಿಗೆ ಹೊದಿಸಿ, ಗಡಸು ಕೂದಲಿನ ಬ್ರಷ್ಷಿನಿಂದ ಒಂದೇ ಸಮನೆ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಹೆಚ್ಚು ಬಲ ಬಿದ್ದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಅಕ್ಷರ ಮೂಡುವುದಿಲ್ಲ. ಗಾಳಿ ಜೋರಾದರೆ ಅಂಚು ಬೇಗ ಒಣಗಿ ಎದ್ದುಬಿಡುತ್ತದೆ. ಕಾಗದ ಅರೆ ಒಣಗಿದ ಹದ ನೋಡಿ, ಬಟ್ಟೆ ಸುತ್ತಿದ ಗುಂಡಿಗೆ ತೆಳುವಾಗಿ ಕಪ್ಪು ಮಸಿ ಹಚ್ಚಿಕೊಂಡು ಮೇಲಿಂದ ಮೇಲೆ ಒತ್ತುತ್ತಾರೆ. ಕಲ್ಲಿನ ಮೈ ಕಾಗದದ ಮೇಲೆ ಕಪ್ಪಾಗಿ ಮೂಡುತ್ತದೆ, ತಗ್ಗಿಗೆ ಇಳಿದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮಸಿ ಬೀಳುವುದು ಕಾಗದದ ಹೊರಮೈಗೆ, ಹಾಗಾಗಿ ಬರಹ ತಿರುಗುಮುರುಗಾಗದೆ ನೇರವಾಗಿ ಓದಲು ಸಿಗುತ್ತದೆ. ಪೂರ್ತಿ ಒಣಗಿದ ಮೇಲೆ ಬಿಡಿಸಿಕೊಂಡು, ಊರು, ಜಾಗ ಗುರುತು ಹಾಕಿದರೆ ಕೆಲಸ ಮುಗಿಯಿತು. ಇದರ ದೊಡ್ಡ ಗುಣವೆಂದರೆ, ಪಡಿಯಚ್ಚು ಯಾವ ಅರ್ಥವನ್ನೂ ಕಟ್ಟುವುದಿಲ್ಲ. ಸವೆದ ಅಕ್ಷರ ಸವೆದಂತೆಯೇ, ಒಡೆದ ಸಾಲು ಒಡೆದಂತೆಯೇ ಬರುತ್ತದೆ. ಒಬ್ಬ ವಿದ್ವಾಂಸರು ತಪ್ಪು ಓದಿದ್ದರೆ ಐವತ್ತು ವರ್ಷದ ನಂತರ ಇನ್ನೊಬ್ಬರು ಅದೇ ಹಾಳೆ ಹರಡಿ ತಿದ್ದಬಹುದು.

ಕಲ್ಲು ಎಲ್ಲಿ ಹೋಗುತ್ತದೆ, ಅದಕ್ಕೇಕೆ ಇಷ್ಟು ಆತಂಕ ಎನ್ನುವವರಿಗೆ ಸಚಿವಾಲಯವೇ 2022ರಲ್ಲಿ ಸಂಸದೀಯ ಸಮಿತಿಗೆ ಕೊಟ್ಟ ಮಾಹಿತಿ ಉತ್ತರ ಹೇಳುತ್ತದೆ. ಕೇಂದ್ರದ ರಕ್ಷಣೆಯಲ್ಲಿದ್ದ 3,693 ಸ್ಮಾರಕಗಳಲ್ಲಿ 50 ಆಗಲೇ ಕಾಣೆಯಾಗಿದ್ದವು: 14 ನಗರಗಳ ಬೆಳವಣಿಗೆಗೆ ಬಲಿಯಾದವು, 12 ಅಣೆಕಟ್ಟಿನ ನೀರಿನಲ್ಲಿ ಮುಳುಗಿದವು, 24 ಎಲ್ಲಿವೆಯೆಂದೇ ಪತ್ತೆಯಿರಲಿಲ್ಲ. ಕಾನೂನಿನ ಕಾವಲಿದ್ದ ಸ್ಮಾರಕಗಳ ಪಾಡೇ ಇದಾದರೆ, ಹೊಲದ ಬದುವಿನ ವೀರಗಲ್ಲು, ಕೆರೆ ತೂಬಿನ ಬಳಿಯ ದಾನಶಾಸನಗಳನ್ನು ಕೇಳುವವರಾರು? ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನ, ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹ, ಜನರ ಗಮನಕ್ಕೆ ಬಂದದ್ದು 2018ರಲ್ಲಷ್ಟೇ.

ಈಗ ಮೂರು ಆಯಾಮದ ಸ್ಕ್ಯಾನಿಂಗ್ ಬಂದಿರುವಾಗ ಮಸಿ, ಕಾಗದ ಏಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಆ ವಿಧಾನದಲ್ಲಿ ಶಾಸನಗಳನ್ನು ಡಿಜಿಟಲ್ ರೂಪದಲ್ಲಿ ಉಳಿಸುತ್ತಿರುವುದು ಮೆಚ್ಚಬೇಕಾದ ಕೆಲಸ. ಕಣ್ಣಿಗೆ ಕಾಣದಷ್ಟು ಸವೆದ ಗೆರೆಯೂ ಅದರಲ್ಲಿ ಹೊಮ್ಮುತ್ತದೆ. ಆದರೆ ಕಡತ ತೆರೆಯಲು ಯಂತ್ರ ಬೇಕು, ತಂತ್ರಾಂಶ ಬೇಕು, ಅವು ಬದಲಾದಂತೆಲ್ಲ ಕಡತವನ್ನೂ ಬದಲಿಸುವ ಜನ ಬೇಕು. ಹಳೆಯ ಪಡಿಯಚ್ಚಿಗೆ ಹಗಲು ಬೆಳಕು ಸಾಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಜರೂರೇನೂ ಇಲ್ಲ. ಇನ್ನು, ಆಯಾ ರಾಜ್ಯದ ಶಾಸನಗಳು ಆಯಾ ರಾಜ್ಯದಲ್ಲೇ ಇರಲಿ, ಕೇಂದ್ರದ ಹಿಡಿತವೇಕೆ ಎಂಬ ವಾದ. ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಒಯ್ಯಬೇಕೆಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ಓದುವವರ ಹತ್ತಿರ ಓದಬೇಕಾದ ವಸ್ತುವಿರಬೇಕೆಂಬುದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಅರಸರಿಗೆ ಇಂದಿನ ಗಡಿ ಗೊತ್ತಿರಲಿಲ್ಲ. ಕನ್ನಡ ಶಾಸನಗಳು ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಲ್ಲಿವೆ. ಕೋಲಾರದಲ್ಲಿ ತಮಿಳು ಶಾಸನಗಳ ರಾಶಿಯೇ ಇದೆ. ಅವನ್ನೆಲ್ಲ ಒಟ್ಟಿಗಿಟ್ಟು ನೋಡುವ ಒಂದು ಕಣ್ಣನ್ನು ಕೇಂದ್ರವೇ ಕೊಡಬೇಕು.

ಹಣದ ಮಾತಿಗೆ ಬಂದರೆ, 2025-26ರ ಬಜೆಟ್ಟಿನಲ್ಲಿ ಇಡೀ ಸಚಿವಾಲಯಕ್ಕೆ ಸಿಕ್ಕಿದ್ದು ಸುಮಾರು 3,360 ಕೋಟಿ ರೂಪಾಯಿ. ದೇಶ ಸಾವಿರ ರೂಪಾಯಿ ಖರ್ಚು ಮಾಡಿದರೆ ಸಂಸ್ಕೃತಿಯ ಪಾಲು ಒಂದು ರೂಪಾಯಿಯೂ ಅಲ್ಲ. ಇದನ್ನು ದುಂದು ಎನ್ನುವವರು, 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಾಗ ಭಾಷೆಯ ಪ್ರಾಚೀನತೆಗೆ ಸಾಕ್ಷಿಯಾಗಿ ನಿಂತದ್ದು ಹಲ್ಮಿಡಿ ಶಾಸನದಂಥ ಕಲ್ಲುಗಳು ಎಂಬುದನ್ನು ಗಮನಿಸಬೇಕು. ನನ್ನ ದೃಷ್ಟಿಯಲ್ಲಿ ಈಗ ದೊಡ್ಡ ಕೊರತೆ ಕಾಗದದ್ದೂ ಅಲ್ಲ, ಯಂತ್ರದ್ದೂ ಅಲ್ಲ, ಓದುವವರದು. ಹಳಗನ್ನಡ, ಸಂಸ್ಕೃತ, ಗ್ರಂಥ ಲಿಪಿ, ನಾಗರಿ ಲಿಪಿ ಎಲ್ಲದರಲ್ಲೂ ಪಳಗಿದ ಒಬ್ಬ ಶಾಸನತಜ್ಞ ತಯಾರಾಗಲು ವರ್ಷಗಳೇ ಹಿಡಿಯುತ್ತವೆ. ಕೆಲಸದ ಭರವಸೆಯಿಲ್ಲದ ವಿದ್ಯೆಗೆ ಹುಡುಗ ಹುಡುಗಿಯರು ಬರುವುದಾದರೂ ಹೇಗೆ? ಪಡಿಯಚ್ಚು ತೆಗೆದ ಶಾಸನಗಳಲ್ಲಿ ಎಷ್ಟೋ ಇವತ್ತಿಗೂ ವಾರ್ಷಿಕ ವರದಿಯ ನಾಲ್ಕು ಸಾಲಿನ ಸಾರಾಂಶವಾಗಿಯಷ್ಟೇ ಉಳಿದಿವೆ. ಪೂರ್ಣ ಪಾಠ ಅಚ್ಚಾಗಿಲ್ಲ. ಅಲ್ಲಿ ಹೆಸರಿರುವ ಊರಿನವರಿಗೆ ತಮ್ಮ ಕಲ್ಲು ಏನು ಹೇಳಿತ್ತೆಂಬುದು ಇನ್ನೂ ತಲುಪಿಲ್ಲ.