ಹುಳುವಿಗೊಂದು ಟೈಮು, ಅಂಗಡಿಗೊಂದು ಟೈಮು: ಜಿಲ್ಲೆಯಲ್ಲಿ ಯಾರ ಕೆಲಸ ಎಷ್ಟು ಗಂಟೆ?

ಚಿಕ್ಕಬಳ್ಳಾಪುರ: ಬ್ಯಾಂಕು, ತಾಲೂಕು ಕಚೇರಿಯಲ್ಲಿ ಕೆಲಸ ಶುರುವಾಗೋಕೆ ಬೆಳಗ್ಗೆ 10 ಗಂಟೆ ಆಗಬೇಕು. ಅಷ್ಟರಲ್ಲಿ ಪೌರಕಾರ್ಮಿಕರು ಬೀದಿ ಗುಡಿಸಿ ಆಗಿರುತ್ತೆ, ಹಳ್ಳಿಗಳಲ್ಲಿ ಡೇರಿಗೆ ಹಾಲು ಹೋಗಿರುತ್ತೆ, ಹೂವಿನ ಮಾರುಕಟ್ಟೆಯಲ್ಲಿ ಸೇವಂತಿಗೆ, ಗುಲಾಬಿ ಮೂಟೆಗಳು ಕೈ ಬದಲಾಯಿಸಿರುತ್ತವೆ. ಒಂದೇ ಜಿಲ್ಲೆಯಲ್ಲಿ ಕೆಲಸದ ಹೊತ್ತು ಇಷ್ಟು ಬೇರೆ ಬೇರೆ ಯಾಕೆ? ಎಷ್ಟು ಗಂಟೆ ದುಡಿಸಬಹುದು ಅಂತ ಕಾನೂನು ಹೇಳುತ್ತೆ?

ಶಿಡ್ಲಘಟ್ಟ: ಹುಳು ಹೇಳಿದ್ದೇ ಟೈಮು

ರೇಷ್ಮೆ ಹುಳುವಿಗೆ ಭಾನುವಾರ, ಹಬ್ಬ ಗೊತ್ತಿಲ್ಲ. ನಾಲ್ಕನೇ ಜ್ವರ ಕಳೆದು ಎದ್ದ ಮೇಲೆ ಅದರ ಹಸಿವು ಜೋರು. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಈ ಕೊನೆಯ 7-8 ದಿನದಲ್ಲೇ ಖಾಲಿಯಾಗುತ್ತೆ. ಹುಳು ಹಣ್ಣಾದರೆ ತಡಮಾಡದೆ ಚಂದ್ರಿಕೆಗೆ ಬಿಡಬೇಕು. ರಾತ್ರಿಯಾದರೂ ಮನೆಮಂದಿಯೆಲ್ಲ ಕೂರಲೇಬೇಕು. ಬೆಳೆ ಮುಗಿದ ಮೇಲಷ್ಟೇ ಸ್ವಲ್ಪ ಬಿಡುವು.

ರೀಲರ್‌ಗಳಿಗೂ ಅವಸರ ತಪ್ಪಿದ್ದಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ಎಳೆ ತುಂಡಾಗುತ್ತೆ, ನೂಲು ಬಿಚ್ಚೋಕೆ ಆಗಲ್ಲ. ಗೂಡು ಒಣಗಿಸಿ ಇಡಬಹುದು, ಆದರೆ ಇಟ್ಟಷ್ಟು ದಿನ ಬಂಡವಾಳ ಸಿಕ್ಕಿಬೀಳುತ್ತೆ. ಹಾಗಾಗಿ ಹರಾಜಿನಲ್ಲಿ ಕೊಂಡ ಗೂಡನ್ನು ಬೇಗ ಬಿಚ್ಚೋದೇ ಸಣ್ಣ ರೀಲರ್‌ಗಳ ದಾರಿ. 10ಕ್ಕಿಂತ ಕಡಿಮೆ ಮಂದಿ ಇರುವ ಘಟಕ ಕಾನೂನಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಕಾರ್ಖಾನೆ ಅಲ್ಲ. ಅಲ್ಲಿ ಕೆಲಸದ ಹೊತ್ತು ಬಾಯಿಮಾತಿನ ಮೇಲೇ ನಡೆಯುತ್ತೆ.

ಚಿಂತಾಮಣಿ: ಲೋಡ್ ಬಂದರೆ ಕೆಲಸ

ಟೊಮೆಟೊ ಮಂಡಿಯಲ್ಲಿ ಹಮಾಲರಿಗೆ ಗಂಟೆಯ ಲೆಕ್ಕ ಇಲ್ಲ, ಎತ್ತಿ ಇಳಿಸಿದ ಕ್ರೇಟಿನ ಲೆಕ್ಕ. ಸೀಜನ್‌ನಲ್ಲಿ ಬೆನ್ನು ನೆಟ್ಟಗಾಗಲ್ಲ. ಮಾಲು ಕಡಿಮೆಯಾದರೆ ಕಾದು ಕೂತ ಹೊತ್ತಿಗೆ ಕೂಲಿ ಇಲ್ಲ.

ಗೌರಿಬಿದನೂರು: ಶಿಫ್ಟ್ ಬದುಕು

ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಮಿಕರಿಗೆ ಶಿಫ್ಟ್ ಪದ್ಧತಿ ಇದೆ. ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆ ಮಿತಿ. ಅದಕ್ಕೂ ಮೀರಿದ ಓಟಿಗೆ ಎರಡು ಪಟ್ಟು ಕೂಲಿ. ರೈಲು ಹತ್ತಿ ದೊಡ್ಡಬಳ್ಳಾಪುರ, ಯಲಹಂಕದ ಕಡೆ ಕೆಲಸಕ್ಕೆ ಹೋಗುವವರ ದಿನ ಇನ್ನೂ ಉದ್ದ. ಓಡಾಟದ ಹೊತ್ತು ಯಾವ ಹಾಜರಿ ಪುಸ್ತಕದಲ್ಲೂ ಬರಲ್ಲ.

ಅಂಗಡಿ ಮಾಲೀಕರು ಗಮನಿಸಬೇಕಾದ್ದು

ನಾಲ್ಕೂ ಊರಿನ ಬಟ್ಟೆ ಅಂಗಡಿ, ದಿನಸಿ, ಹೋಟೆಲ್, ಮೊಬೈಲ್ ಅಂಗಡಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತೆ. ಅದರ ಮುಖ್ಯ ಅಂಶಗಳು:

* ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಓಟಿ ಸೇರಿದರೂ ದಿನಕ್ಕೆ 10 ಗಂಟೆ ದಾಟಬಾರದು.
* ಸತತ 5 ಗಂಟೆ ದುಡಿದ ಮೇಲೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು.
* ಬಿಡುವೂ ಸೇರಿ, ಬಂದ ಹೊತ್ತಿನಿಂದ ಹೋಗುವ ಹೊತ್ತಿಗೆ 12 ಗಂಟೆ ಮೀರಬಾರದು.
* ವಾರಕ್ಕೊಂದು ಪೂರ್ತಿ ದಿನ ರಜೆ. ಅದಕ್ಕೆ ಸಂಬಳ ಹಿಡಿಯುವಂತಿಲ್ಲ.
* ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ.

ಲೆಕ್ಕ ಹಾಕಿ ನೋಡಿ. ವಾರದ ರಜೆ ಇಲ್ಲದೆ ದಿನಕ್ಕೆ 9 ಗಂಟೆಯಂತೆ ದುಡಿದರೆ ವಾರಕ್ಕೆ 63 ಗಂಟೆ. ಮಿತಿಗಿಂತ 15 ಗಂಟೆ ಜಾಸ್ತಿ. ಉದಾಹರಣೆಗೆ ತಿಂಗಳ ಸಂಬಳ 15,600 ರೂಪಾಯಿ ಅಂದುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ ಲೆಕ್ಕದಲ್ಲಿ ಗಂಟೆಗೆ 75 ರೂಪಾಯಿ, ಓಟಿಗೆ 150. ಆ 15 ಗಂಟೆಯ ಬೆಲೆ ವಾರಕ್ಕೆ 2,250 ರೂಪಾಯಿ. ದುಡ್ಡು ಕೊಟ್ಟರೂ ವಾರದ ರಜೆ ತಪ್ಪಿಸುವಂತಿಲ್ಲ ಅನ್ನೋದು ಬೇರೆ ಮಾತು.

ಮಾಲೀಕರ ಕಷ್ಟವೂ ಇದೆ. ಹಬ್ಬ, ಮದುವೆ ಸೀಜನ್‌ನಲ್ಲಿ ಗಿರಾಕಿ ಬರೋದೇ ಸಂಜೆ ಮೇಲೆ. ಅಂಥವರು ಕೆಲಸದವರನ್ನು ಎರಡು ಪಾಳಿ ಮಾಡಬಹುದು: ಒಬ್ಬರು ಬೆಳಗ್ಗೆ ಬಂದು ಬೇಗ ಹೋದರೆ, ಇನ್ನೊಬ್ಬರು ಮಧ್ಯಾಹ್ನ ಬಂದು ಬಾಗಿಲು ಹಾಕಲಿ. ಮಾಲೀಕರಿಗೂ ಅವರ ಮನೆಯವರಿಗೂ ಈ ಗಂಟೆಗಳ ಮಿತಿ ಇಲ್ಲ. ಆದರೆ ಗಲ್ಲಾದಲ್ಲಿ ಕೂತವರು ರಾತ್ರಿ 10ರವರೆಗೆ ಇರುತ್ತಾರೆ ಅಂತ ಬಟ್ಟೆ ಮಡಚುವ ಹುಡುಗಿಯೂ ಇರಬೇಕೆಂದಿಲ್ಲ.

ರಜೆ, ಓಟಿ ಸಿಗದಿದ್ದರೆ ಬಂದ ಹೊತ್ತು, ಹೋದ ಹೊತ್ತು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡುವಾಗ ಅದು ಕೆಲಸಕ್ಕೆ ಬರುತ್ತೆ. ಹುಳುವಿಗೆ, ಹೂವಿಗೆ ಕಾಯಿರಿ ಅಂದರೆ ಕಾಯಲ್ಲ. ಅಂಗಡಿ ಶೆಟರ್ ಎಷ್ಟು ಹೊತ್ತಿಗೆ ಎಳೀಬೇಕು ಅನ್ನೋದು ಮಾತ್ರ ಮನುಷ್ಯರ ಕೈಯಲ್ಲೇ ಇದೆ.